ಏಳನೇ ನಂಬರ್ ಮದ್ದು

ಲಾಂಡ್ರಿ ಹಿಂದಿನ ಶೆಡ್ಡು
ಒಂಬತ್ತನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನು ನೋವು ಕಡಿಮೆ ಆಯಿತಾ? ಹಡಗಿನ ಮಂಚ ಗಿಡ್ಡ, ಕಾಲು ಚಾಚಿದರೆ ತಣ್ಣನೆಯ ಪೈಪಿಗೆ ತಗಲುತ್ತೆ ಅಂತ ಬರೆದಿದ್ದೆಯಲ್ಲ, ಅದನ್ನು ಓದಿ ಅಮ್ಮ ಎರಡು ಜೊತೆ ದಪ್ಪ ಸಾಕ್ಸ್ ತಂದಿಟ್ಟಿದ್ದಾಳೆ. ಈ ಕಾಗದದ ಜೊತೆಗೇ ಬರುತ್ತೆ. ಹೂಳೆತ್ತುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವಳಿಗೆ ಕಾಲು ತಣ್ಣಗಾಗುವುದು ಹೇಗೆ ಅಂತ ಅವಳಿಗೆ ಇನ್ನೂ ಅರ್ಥವಾಗಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದಿದ್ದೇನೆ. ನಿಮ್ಮ ಹಡಗಿಗೆ ಸಿಗ್ನಲ್ ಇಲ್ಲ ನಿಜ, ಆದರೆ ಕಾಗದ ನನಗೆ ಇನ್ನೂ ಒಗ್ಗಿಲ್ಲ ಕಣೇ. ಫೋನಿನಲ್ಲಿ ನಮ್ಮ ಮೈಲೇಜ್ ಗ್ರೂಪಿನಲ್ಲಾದರೆ ಒಂದು ಸಾಲು ಹಾಕಿದರೆ ಸಾಕು, ಯಾರಾದರೂ ಹೆಬ್ಬೆರಳು ಎತ್ತುತ್ತಾರೆ. ಇಲ್ಲಿ ಹಾಳೆ ತುಂಬಾ ಬರೆದು, ನಿಮ್ಮ ಸಾಮಾನಿನ ದೋಣಿಗೆ ಕಳಿಸಿ, ನೀನು ಓದಿದೆಯೋ ಇಲ್ಲವೋ ಅಂತ ಎರಡು ವಾರ ಕೂರಬೇಕು. ನೀಲಿ ಟಿಕ್ಕೂ ಬರುವುದಿಲ್ಲ.

ನಿನ್ನ ಹೋದ ಕಾಗದವನ್ನು ನಾಲ್ಕು ಸಲ ಓದಿದೆ. "ನಿನ್ ಮದ್ದು ಕೆಲ್ಸ ಮಾಡಿ ವ್ಯಾನು ಇಷ್ಟ್ ಚೆನ್ನಾಗ್ ಓಡ್ತಿದೆ ಅಂದ್ರೆ ಹಡಗಲ್ಲೇ ಇನ್ನೆರಡು ವರ್ಷಕ್ಕೆ ಸೈನ್ ಹಾಕ್ಬಿಡ್ತೀನಿ ಕಣೋ, ಇಪ್ಪತ್ತನೇ ತಾರೀಖಿನೊಳಗೆ ಹೇಳ್ಬೇಕಂತೆ" ಅಂತ ಬರೆದಿದ್ದೀಯ. ಅಮ್ಮ ಅದನ್ನು ಕೇಳಿ "ಅವ್ಳಿಗೆ ಇಷ್ಟ ಇದ್ರೆ ಹಾಕ್ಲಿ ಬಿಡು" ಅಂದಳು. ಆಮೇಲೆ ಒಗೆಯುವ ಮಷೀನಿಗೆ ಒಂದೇ ಲೋಡಿಗೆ ಎರಡು ಸಲ ಸೋಪು ಹಾಕಿದಳು. ನೊರೆ ಬಾಗಿಲ ತನಕ ಬಂತು.

ಮೈಲೇಜ್ ಮದ್ದಿನ ಕಥೆ ನಿನಗೆ ಅರ್ಧ ಮಾತ್ರ ಗೊತ್ತು, ಪೂರ್ತಿ ಹೇಳುತ್ತೇನೆ ಕೇಳು. ನೀನಿದ್ದಾಗ ಮಾಡಿದ್ದೆಲ್ಲ ಬರೀ ಶೋಕಿ, ಒಪ್ಪಿಕೊಳ್ಳುತ್ತೇನೆ. ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟಿದಾಗ ನೀನು ಬಾನೆಟ್ಟಿನೊಳಗೆ ತಲೆ ಹಾಕಿ, "ಡೀಸೆಲ್ ಏನೋ ಕಬ್ಬಿಣದ ಮೊಳೆನಾ, ಬಂದು ಅಂಟ್ಕೊಳಕ್ಕೆ?" ಅಂದಿದ್ದೆ. ಗಾಳಿ ಸುಳಿಯಲಿ ಅಂತ ಪೈಪಿನೊಳಗೆ ಕೂರಿಸಿದ ಪುಟ್ಟ ಫ್ಯಾನು ಮೂರನೇ ದಿನ ಕಳಚಿ ಫಿಲ್ಟರಿನಲ್ಲಿ ಸಿಕ್ಕಿತು. ಟ್ಯಾಂಕಿಗೆ ಹಾಕುವ ಮಾತ್ರೆಯಿಂದ ನನ್ನ ಅಂಗಿಗೆ ಕಲೆಯಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ನೀನು ಹೋದ ಮೇಲೆ ಶೆಡ್ಡು ಪೂರ್ತಿ ನನ್ನದಾಯಿತಲ್ಲ, ಹಾಗಾಗಿ ಗಂಭೀರವಾಗಿ ಕೂತೆ. ಕ್ಯಾಂಟೀನಿನವನು ಕರಿದು ಮುಗಿಸಿದ ಎಣ್ಣೆಯನ್ನು ಕ್ಯಾನಿನಲ್ಲಿ ಕೊಡುತ್ತಾನೆ. ಅದನ್ನು ಸೋಸಿ, ಬಯೋಡೀಸೆಲ್ ಮಾಡಿ, ತೊಳೆದು, ಒಂದು ವಾರ ತಿಳಿಯಾಗಲು ಬಿಟ್ಟು, ಮೇಲಿನದನ್ನು ಮಾತ್ರ ಬಾಟಲಿಗೆ ತುಂಬುವುದು. ಟ್ಯಾಂಕು ತುಂಬಿಸಿದಾಗ ಡೀಸೆಲ್ ಜೊತೆ ಒಂದು ಲೋಟ. ಮೊದಲ ಆರು ನಂಬರ್ ಕೆಟ್ಟವು. ನಾಲ್ಕನೆಯದರ ತಳದಲ್ಲಿ ಉಳಿದ ಕಂದು ಗಸಿಯನ್ನು ಅಮ್ಮ ಸೋಪೆಣ್ಣೆ ಅಂದುಕೊಂಡು ದವಾಖಾನೆಯ ಬೆಡ್‌ಶೀಟುಗಳಿಗೆ ಸುರಿದುಬಿಟ್ಟಳು. ಮಾರನೇ ದಿನ ಅಲ್ಲಿನ ದೊಡ್ಡ ನರ್ಸು ಬಜ್ಜಿ ವಾಸನೆ ಹೊಡೆಯುವ ಐವತ್ತು ಶೀಟು ವಾಪಸ್ ಕಳಿಸಿ, "ನಮ್ ಪೇಷಂಟ್‌ಗಳಿಗೆ ಹಸಿವಾಗ್ತಿದೆಯಂತೆ" ಅಂತ ಚೀಟಿ ಇಟ್ಟಿದ್ದರು. ಐವತ್ತನ್ನೂ ನಾನೇ ಮತ್ತೆ ಒಗೆದೆ.

ಏಳನೇ ನಂಬರ್ ಹಿಡಿಯಿತು. ನೀನು ಓಡಿಸುತ್ತಿದ್ದಾಗ ಲೀಟರಿಗೆ ಒಂಬತ್ತು ಪಾಯಿಂಟ್ ನಾಲ್ಕು ಕಿಲೋಮೀಟರ್, ನಾನೇ ಬರೆದಿಟ್ಟಿದ್ದೆ. ಏಳನೇ ನಂಬರ್ ಹಾಕಿದ ಮೇಲೆ ಹನ್ನೊಂದು ಪಾಯಿಂಟ್ ಒಂದು. ಅದೇ ರೂಟು, ಅದೇ ಹದಿನಾಲ್ಕು ಕಡೆ ಒಗೆದ ಬಟ್ಟೆಯ ಮೂಟೆ ಇಳಿಸುವುದು, ದಿನಕ್ಕೆ ಅದೇ ಅರವತ್ತು ಕಿಲೋಮೀಟರ್. ಚಾರ್ಟ್ ಮಾಡಿ ಗ್ರೂಪಿಗೆ ಹಾಕಿದೆ. ನಾನೂರು ಜನ ಅಕ್ಕಾ. ಅಡ್ಮಿನ್ ಕಾರ್ಬನ್ ಮಾಮ ಅದನ್ನು ಪಿನ್ ಮಾಡಿ, "ಹುಡ್ಗ ಸಾಧಿಸ್ಬಿಟ್ಟ" ಅಂತ ಬರೆದರು. ಅವತ್ತೆಲ್ಲ ಫೋನು ಜೇಬಿನಲ್ಲಿ ನಡುಗುತ್ತಲೇ ಇತ್ತು. ಪಕ್ಕದ ಸೀಟಿಗೆ ತಿರುಗಿ ತೋರಿಸೋಣ ಅಂತ ನೋಡಿದರೆ ಅಲ್ಲಿ ಎಣ್ಣೆ ಕ್ಯಾನು. ಉರುಳಬಾರದು ಅಂತ ಅದಕ್ಕೆ ಬೆಲ್ಟ್ ಹಾಕಿದ್ದೆ. ನೀನು ಓಡಿಸುವಾಗ ಆ ಸೀಟಿನಲ್ಲಿ ನಾನು ಕೂರುತ್ತಿದ್ದೆ, ಹತ್ತು ಸಲ ಬೈದರೂ ಬೆಲ್ಟ್ ಹಾಕುತ್ತಿರಲಿಲ್ಲ.

ನಾನೂರು ಜನರಲ್ಲಿ ಒಬ್ಬರು ಮಾತ್ರ ಹೆಬ್ಬೆರಳು ಎತ್ತಲಿಲ್ಲ. ಅವರು ಪಿಸ್ಟನ್ ಅಜ್ಜಿ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಎಂಜಿನ್ ಬಿಚ್ಚಿ ರಿಟೈರ್ ಆದವರು. "ಮದ್ದಿಲ್ದೆ ಓಡ್ಸಿ ನೋಡ್ದಾ ಮರಿ?" ಅಂತ ಒಂದೇ ಸಾಲು. ನೋಡುತ್ತೇನೆ ಅಜ್ಜಿ ಅಂತ ಬರೆದು ಫೋನು ಮಗುಚಿಟ್ಟೆ.

ರೂಟಿನ ಸಮಾಚಾರ ಕೇಳಿದ್ದೀಯ. ಎಲ್ಲರೂ ಚೆನ್ನಾಗಿರಬೇಕು. ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಹೋದಾಗ "ಇಲ್ಲಿಡ್ಲಾ?" "ಇಡು." ಅಷ್ಟೇ. ಹದಿನಾಲ್ಕು ಕಡೆಯೂ ಅಷ್ಟೇ. ನಿನ್ನ ಹಾಗೆ ವಾಚ್‌ಮನ್‌ನ ಮೊಣಕಾಲು, ನರ್ಸಿನ ಮಗನ ಪರೀಕ್ಷೆ ಅಂತ ಶುರು ಮಾಡಲು ನನಗೆ ಬರುವುದಿಲ್ಲ. ರೂಟು ಮುಗಿಸಿ ಬಂದರೂ ಇನ್ನೂ ಊಟದ ಹೊತ್ತಾಗಿರುವುದಿಲ್ಲ. ಆದರೆ ಶುಕ್ರವಾರ ಒಂದು ಪರೀಕ್ಷೆ ಮಾಡುತ್ತಾ, ಏನು ಅಂತ ಆಮೇಲೆ ಹೇಳುತ್ತೇನೆ, ಲಾಡ್ಜಿನ ಹಿಂದಿನ ಬಾಗಿಲಲ್ಲಿ ಎಂಜಿನ್ ಆಫ್ ಮಾಡದೆ ವ್ಯಾನಿನೊಳಗೇ ಕೂತಿದ್ದೆ. ಲಾಡ್ಜಿನ ಬಟ್ಟೆ ಕೋಣೆ ನೋಡಿಕೊಳ್ಳುವ ದೊಡ್ಡಮ್ಮ ಎರಡು ಲೋಟ ಟೀ ಹಿಡಿದುಕೊಂಡು ಬೇಗ ಬೇಗ ಮೆಟ್ಟಿಲಿಳಿದು ಬಂದರು. ಕಿಟಕಿಯಲ್ಲಿ ನನ್ನ ಮುಖ ನೋಡಿ ನಿಂತುಬಿಟ್ಟರು. "ಓ, ನೀನಾ. ಎಂಜಿನ್ ಸದ್ದು ನಿಲ್ಲಲೇ ಇಲ್ವಲ್ಲಾ, ಅವ್ಳೇ ಬಂದ್ಬಿಟ್ಲು ಅನ್ಕೊಂಡೆ." ನಿನ್ನ ಲೋಟ ನನಗೆ ಕೊಟ್ಟರು. ಸಕ್ಕರೆ ಎಷ್ಟು ಹಾಕಿಸಿಕೊಳ್ಳುತ್ತಿದ್ದೆಯೇ ನೀನು. ಇಬ್ಬರೂ ಎಂಜಿನ್ ಸದ್ದು ಕೇಳುತ್ತಾ ಕುಡಿದೆವು. ಆರು ನಿಮಿಷ ತುಂಬಾ ಉದ್ದ ಅಕ್ಕಾ.

ಸರಿ, ಹಾಳೆ ಮುಗಿಯಿತು. ಡೆಕ್ಕಿನ ಮೇಲೆ ಒದ್ದೆ ಇದ್ದಾಗ ಓಡಬೇಡ, ಕೈಗವಸು ಹಾಕದೆ ಬಿಸಿ ಪಂಪು ಮುಟ್ಟಬೇಡ, ಇವೆರಡೂ ಅಮ್ಮನ ಆಜ್ಞೆ. ನಿಮ್ಮ ಅಡುಗೆಯವರಿಗೂ, ನಿನ್ನ ಮೇಲಿನ ಮಂಚದಲ್ಲಿ ಗೊರಕೆ ಹೊಡೆಯುವ ಕ್ರೇನಿನವಳಿಗೂ ನಾನು ಕೇಳಿದೆ ಅಂತ ಹೇಳು.

ನಿನ್ನ ತಮ್ಮ,
ಲೀಟರು
(ಈ ಹೆಸರಿಟ್ಟವಳು ನೀನು, ಈಗ ಗ್ರೂಪಿನಲ್ಲೂ ಇದೇ ಆಗಿದೆ)

ತಾ.ಕ.: ದೋಣಿಗೆ ಸಾಮಾನು ಒಯ್ಯುವ ಜೀಪು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದೆ, ಕವರಿನ ಹಿಂದೆ ಬರೆಯುತ್ತಿದ್ದೇನೆ. ಅಜ್ಜಿ ಹೇಳಿದ ಹಾಗೆ ಟ್ಯಾಂಕ್ ತೊಳೆದು ಸೋಮವಾರದಿಂದ ಮೂರು ದಿನ ಮದ್ದಿಲ್ಲದೆ ಓಡಿಸಿದೆ. ಆಗಲೂ ಹನ್ನೊಂದು ಪಾಯಿಂಟ್ ಒಂದೇ ಬಂತು. ಏಳನೇ ನಂಬರ್ ಏನೂ ಮಾಡಿಲ್ಲ ಅಕ್ಕಾ. ಹಾಗಾದರೆ ಉಳಿದ ಡೀಸೆಲ್ ಎಲ್ಲಿಂದ ಬಂತು ಅಂತ ಕೂತು ಯೋಚಿಸಿದೆ. ಸ್ಟಾರ್ಟರ್ ಮುನಿಸಿಕೊಳ್ಳುತ್ತೆ ಅಂತ ನೀನು ಎಂಜಿನ್ ಆಫ್ ಮಾಡದೆ ಇಳಿಯುತ್ತಿದ್ದೆಯಲ್ಲ, "ಎರಡೇ ಮಾತು, ಬಂದೆ" ಅಂತ. ನಾನು ಆಫ್ ಮಾಡಿ, ಮೂಟೆ ಇಟ್ಟು ಹೊರಟುಬಿಡುತ್ತೇನೆ. ಗುರುವಾರದಿಂದ ಶನಿವಾರದ ತನಕ ನಾನೂ ನಿನ್ನ ಹಾಗೇ ಮಾಡಿದೆ. ಹದಿನಾಲ್ಕು ಕಡೆ ಆರಾರು ನಿಮಿಷ, ಎಂಜಿನ್ ಓಡುತ್ತಾ, ಒಬ್ಬನೇ. ಮತ್ತೆ ಒಂಬತ್ತು ಪಾಯಿಂಟ್ ನಾಲ್ಕು. ದಿನಕ್ಕೆ ಒಂದು ಲೀಟರು, ಅಷ್ಟೂ ನಿನ್ನ ಮಾತು. ಆ ಒಂದು ಲೀಟರಿಗೇ ನಾನು ನಿನ್ನ ಜೊತೆ ಜಗಳ ಆಡುತ್ತಿದ್ದೆ. ಗ್ರೂಪಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ. ವ್ಯಾನು ಚೆನ್ನಾಗೇನೂ ಓಡುತ್ತಿಲ್ಲ, ಸುಮ್ಮನೆ ಓಡುತ್ತಿದೆ. ಸೈನ್ ಹಾಕಬೇಡ. ಪಕ್ಕದ ಸೀಟಿನಿಂದ ಕ್ಯಾನು ತೆಗೆದಿಟ್ಟಿದ್ದೇನೆ. ನೀನು ಬಂದು ಓಡಿಸು, ನಾನು ಅಲ್ಲೇ ಕೂರುತ್ತೇನೆ, ಬೆಲ್ಟ್ ಹಾಕಿಕೊಂಡು.