ಬದುಕಿದ್ದವಳ ಎಡೆ

ಸಿಂಧಘಟ್ಟ,
೮-೯-೧೯೯೫

ಚಿ. ರಂಜಿತಳಿಗೆ ನಿನ್ನ ಅತ್ತೆ ಪುಟ್ಟಲಕ್ಷ್ಮಮ್ಮನ ಆಶೀರ್ವಾದ.

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ನಾನು ಶಾಲೆಯಲ್ಲಿ ಕಲಿತ ಪದ್ಧತಿ. ನಿನ್ನ ತಾಯಿಯನ್ನು ಮಣ್ಣು ಮಾಡಿ ಈಗಷ್ಟೇ ತಿಂಗಳು ತುಂಬಿದೆ. ಈ ಸಲ ಆ ಮಾತನ್ನು ಬಿಟ್ಟಿದ್ದೇನೆ.

ನಿನ್ನ ಕಾಗದ ಗೌರಿ ಹಬ್ಬದ ಹಿಂದಿನ ದಿನ ಬಂತು. ಉತ್ತರ ತಡವಾಯಿತು. ಕಣ್ಣು ಮಂಜು, ಕೈ ನಡುಕ ಎಂದು ನೆಪ ಹೇಳುವುದಿಲ್ಲ. ಏನು ಬರೆಯಬೇಕೆಂದು ಗೊತ್ತಿತ್ತು, ಬರೆಯಲು ಆಯಾಸವಾಗಿತ್ತು, ಅಷ್ಟೇ.

ನೀನು ಎರಡು ವಿಷಯ ಕೇಳಿದ್ದೀಯ. ನಿನ್ನ ತಾಯಿ ಬದುಕಿರುವಾಗಲೇ ನಮ್ಮ ಮನೆಯಲ್ಲಿ ಅವಳಿಗೆ ಸತ್ತವರ ಎಡೆ ಇಡುತ್ತಿದ್ದದ್ದು ನಿಜವೇ ಎಂಬುದು ಒಂದು. ನಿನ್ನ ತಂದೆಯವರ ಜನದಲ್ಲಿ ಎಡೆ ಇಡುವುದಿಲ್ಲ, ಹಾಗಾದರೆ ಅಮ್ಮ ಎಲ್ಲಿಗೆ ಬಂದು ಉಣ್ಣುತ್ತಾಳೆ, ಮಹಾಲಯ ಅಮಾವಾಸ್ಯೆಗೆ ನಿಮ್ಮ ಮನೆಗೆ ಬರಲೇ ಎಂಬುದು ಇನ್ನೊಂದು. ಮೂರನೆಯದನ್ನು ನೀನು ಕೇಳಿಲ್ಲ. ಕೊನೆಯ ವಾರ ಆಸ್ಪತ್ರೆಯಲ್ಲಿ ಅಮ್ಮ ಆ ಎಡೆಯ ಮಾತು ಎತ್ತಿದಳು ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀಯ. ಐವತ್ತೊಂದಕ್ಕೇ ಹೋಗಿದ್ದು ಆ ಎಡೆಯಿಂದಲೋ ಏನೋ ಎಂದು ನಿನ್ನ ಮನಸ್ಸಿನಲ್ಲಿದೆ. ಬರೆಯದೆ ಬಿಟ್ಟದ್ದನ್ನೂ ಓದಲು ನನಗೆ ಬರುತ್ತದೆ.

ಮೊದಲನೆಯದು ನಿಜ.

ನಾನು ಪಾಂಡವಪುರದವಳು. ಹೈಸ್ಕೂಲು ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದಾಗ ನಿನ್ನ ತಾಯಿ ಚೆಲುವಮ್ಮನಿಗೆ ಒಂಬತ್ತು ವರ್ಷ. ತಾಯಿ ಇಲ್ಲದ ಹುಡುಗಿ. ಅವಳ ತಲೆ ಬಾಚಿದ್ದು, ಹೇನು ತೆಗೆದದ್ದು, ಮಗ್ಗಿ ಹೇಳಿಸಿದ್ದು ಎಲ್ಲ ನಾನೇ. ನಾದಿನಿ ಎಂದು ಸಲಿಗೆ ಕೊಟ್ಟವಳಲ್ಲ. ಏಟೂ ಕೊಟ್ಟಿದ್ದೇನೆ.

ಅವಳು ಹೋದಾಗ ಪತ್ರಿಕೆಯಲ್ಲಿ ಅವಳ ಹಾಡುಗಾರಿಕೆಯ ಬಗ್ಗೆ ಬರೆದಿದ್ದನ್ನು ಓದಿದೆ. ಹಾಡಿನ ನಡುವೆ ಅವಳ ದನಿ ಮೇಲೆ ಹೋಗಿ ಒಡೆದು ಎರಡಾಗುತ್ತದಲ್ಲ, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ ಆ ಕೂಗು, ಅದನ್ನು ವಿದೇಶಿ ಗ್ರಾಮಫೋನ್ ಪ್ಲೇಟು ಕೇಳಿ ಕಲಿತಳು ಎಂದು ಬರೆದಿದ್ದಾರೆ. ಸುಳ್ಳು. ನಮ್ಮ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಗಿಳಿ ಓಡಿಸುತ್ತಿದ್ದ ಕೂಗು ಅದು. ನಾಲ್ಕು ಹೊಲದಾಚೆ ಕೂತ ಗಿಳಿಯೂ ಏಳಬೇಕು, ಹಾಗೆ ಕೂಗುತ್ತಿದ್ದಳು. ಪಕ್ಕದ ಹೊಲದವರು ಬಂದು, “ನಿಮ್ ಮಗಳ್ನ ಸುಮ್ಕಿರ್ಸಿ ಗೌಡ್ರೆ, ನಿಮ್ ಗಿಳಿಯೆಲ್ಲ ನಮ್ ವಲಕ್ಕೆ ಬತ್ತಾವೆ” ಎಂದು ಜಗಳ ಆಡಿದ್ದೂ ಉಂಟು. ನಿನಗೆ ತಿಳಿದಿರಲಿ ಎಂದು ಬರೆದೆ. ಅವಳ ಹಾಡುಗಳು ನನಗೆ ಹಿಡಿಸಲಿಲ್ಲ. ಆ ಕೂಗು ಮಾತ್ರ ರೇಡಿಯೋದಲ್ಲಿ ಬಂದಾಗ ಗುರುತು ಸಿಕ್ಕಿತು.

ಮೈಸೂರಿಗೆ ಕಾಲೇಜಿಗೆ ಕಳಿಸಿದೆವು. ಅಲ್ಲಿ ಗಿಟಾರು ಹಿಡಿದ ಹುಡುಗರ ಬ್ಯಾಂಡು ಸೇರಿದಳು. ಅಲ್ಲಿಂದ ಬೆಂಗಳೂರು. ಚೆಲುವಮ್ಮ ಹೋಗಿ ಮಿಸ್ ಶೆಲ್ಲಿ ಆದಳು. ಅರವತ್ತಾರನೇ ಇಸವಿಯಲ್ಲಿ ಒಂದು ವಾರಪತ್ರಿಕೆಯಲ್ಲಿ ಮೊಣಕಾಲು ಕಾಣುವ ಅಂಗಿ ಹಾಕಿಕೊಂಡು ಹೋಟೆಲಿನಲ್ಲಿ ಹಾಡುತ್ತಿರುವ ಫೋಟೋ ಬಂತು. ಅದನ್ನು ಕೆ.ಆರ್.ಪೇಟೆ ಸಂತೆಯಲ್ಲಿ ಯಾರೋ ನಿನ್ನ ತಾತ ಬೋರಯ್ಯನವರ ಕೈಗೆ ಕೊಟ್ಟು ನಕ್ಕರಂತೆ. ಅವರು ಮನೆಗೆ ಬಂದವರು ಒಳಗೆ ಬರಲಿಲ್ಲ. ಕೆರೆಗೆ ಹೋಗಿ ತಲೆಗೆ ಮುಳುಗಿ, ಒದ್ದೆ ಪಂಚೆಯಲ್ಲೇ ಜಗಲಿಯ ಮೇಲೆ ನಿಂತು, “ಚೆಲುವಿ ಸತ್ಲು. ಜರ ಬಂದು ಮೈಸೂರ್ನಲ್ಲೇ ಸತ್ಲು. ಯಾರ್ ಕೇಳುದ್ರೂ ಇಷ್ಟೇ” ಎಂದರು. ನಿನ್ನ ಸೋದರಮಾವನಿಗೆ ಅಪ್ಪನ ಎದುರು ಬಾಯಿ ಬರುತ್ತಿರಲಿಲ್ಲ. ಹೆಣ್ಣುಮಕ್ಕಳನ್ನು ಓದಿಸಿದರೆ ಹೀಗೇ ಎಂದು ಮಾವನವರು ನನ್ನ ಕಡೆ ನೋಡಿದರು. ನಾನೂ ನೋಡಿದೆ.

ಆ ವರ್ಷದ ಪಿತೃಪಕ್ಷಕ್ಕೆ ಅವಳ ಎಲೆಯೂ ಬಿತ್ತು. ನೀನು ಬೆಂಗಳೂರಿನಲ್ಲಿ ಬೆಳೆದವಳು, ಕಂಡಿರಲಾರೆ. ಮನೆಯಲ್ಲಿ ಸತ್ತವರಿಗೆಲ್ಲ ಸಾಲಾಗಿ ಬಾಳೆ ಎಲೆ ಹಾಕುತ್ತೇವೆ. ಯಾರಿಗೆ ಏನು ಇಷ್ಟವೋ ಅದನ್ನು ಅವರ ಎಲೆಗೆ ಬಡಿಸಿ, ಮನೆಯ ಹಿರಿಮಗ ಧೂಪ ಹಾಕಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಬೇಕು, ಆಮೇಲೆ ನಾವು. ಬಡಿಸುವುದು ಸೊಸೆಯ ಕೆಲಸ. ಚೆಲುವಮ್ಮನ ಎಲೆಗೆ ಕೋಳಿಸಾರು, ಮುದ್ದೆ, ಒಬ್ಬಟ್ಟು ಬಡಿಸಿದೆ. ಗೋಡೆಯ ಮೇಲೆ ಅವಳ ಕಾಲೇಜಿನ ಫೋಟೋ, ಎರಡು ಜಡೆಯದು. ಅದಕ್ಕೆ ಮಾವನವರೇ ಗಂಧದ ಹಾರ ತಂದು ಹಾಕಿದರು.

ಎಪ್ಪತ್ತೊಂದರಲ್ಲಿ ಅವಳು ಬಂದದ್ದು ನಿನಗೆ ಗೊತ್ತಿದೆ. ನನ್ನ ಎಡೆ ನಾನೇ ಉಂಡು ಬಂದೆ ಎಂದು ಅಮ್ಮ ನಗುತ್ತಾ ಹೇಳುತ್ತಿದ್ದಳು, ತಮಾಷೆ ಎಂದುಕೊಂಡಿದ್ದೆ ಎಂದು ಬರೆದಿದ್ದೀಯ. ನಡೆದದ್ದು ಇಷ್ಟು. ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯ ಮೇಲೆ ಕೂತಿದ್ದೆವು. ಬಾಡಿಗೆ ಕಾರು ಬಂದು ನಿಂತಿತು. ಪ್ಯಾಂಟು ಹಾಕಿದವಳು ಇಳಿದಳು. ಮಾವನವರು ಗೋಡೆಗೆ ಮುಖ ತಿರುಗಿಸಿದರು.

“ಯಾಕತ್ಗೆ, ಎಲ್ರೂ ಆಚೆ ಕೂತಿದ್ದೀರಿ? ಸತ್ತೋರು ಉಣ್ತಾವ್ರಾ?” ಎಂದಳು.

ನಾನು ಹೂಂ ಎಂದು ತಲೆ ಆಡಿಸಿದೆ.

“ಅಂಗಾದ್ರೆ ನಾನೂ ಓಗ್ತೀನಿ ಬುಡಿ. ನಂದೂ ಒಂದೆಲೆ ಐತಂತಲ್ಲ, ಸಾರು ಆರೋಯ್ತದೆ” ಎಂದು ಬಾಗಿಲು ತಳ್ಳಿಕೊಂಡು ಒಳಗೆ ನಡೆದಳು. ನಾನು ಹಿಂದೆಯೇ ಹೋದೆ. ತನ್ನ ಫೋಟೋದ ಕೆಳಗೆ ಚಕ್ಕಂಬಕ್ಕಲು ಹಾಕಿ ಕೂತು ಎಲೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಜಗಳಕ್ಕೆಂದೇ ಬಂದವಳು, ಆಮೇಲೆ ಒಂದು ಮಾತೂ ಆಡದೆ ಉಂಡಳು. ಎಲೆಯಲ್ಲಿ ಒಂದಗುಳು ಬಿಡಲಿಲ್ಲ. ಕೈ ತೊಳೆದು ಹೊರಗೆ ಬಂದಾಗ ಅವಳಿಗೆ ದಾರಿಯಾಗಲೆಂದು ಮಾವನವರು ಚಾಚಿದ್ದ ಕಾಲನ್ನು ಒಳಕ್ಕೆ ಎಳೆದುಕೊಂಡರು. ಅಷ್ಟೇ ಮಾಡಿದ್ದು. ಕಾರು ಹೋದ ಮೇಲೆ ಒಳಗೆ ಹೋಗಿ ಖಾಲಿ ಎಲೆಯ ಮುಂದೆ ನಿಂತು, “ಉಂಡವ್ಳೆ” ಎಂದರು. ಸಾಯುವವರೆಗೂ ಅವಳ ವಿಷಯ ಮತ್ತೆ ಎತ್ತಲಿಲ್ಲ.

ಅವರು ಹೋದ ಮೇಲಾದರೂ ಯಾಕೆ ನಿಲ್ಲಿಸಲಿಲ್ಲ ಎಂದು ನೀನು ಕೇಳಬಹುದು. ನಿಲ್ಲಿಸಬೇಕಾದರೆ ಅವಳು ಬದುಕಿದ್ದಾಳೆ ಎಂದು ಊರಿಗೆ ಹೇಳಬೇಕಾಗಿತ್ತು. ತಿಳಿದಿದ್ದ ಹಿರಿಯರು ಬಾಯಿ ಬಿಡಲಿಲ್ಲ, ಕಿರಿಯರಿಗೆ ತಿಳಿದಿರಲಿಲ್ಲ. ಮಾವನವರ ಮಾತನ್ನು ಸುಳ್ಳು ಮಾಡುವ ಸೊಸೆ ನಾನಲ್ಲ. ನಿನ್ನ ಸೋದರಮಾವ ಹೋದ ಮೇಲೆ ಮಗ ರವೀಂದ್ರ ಧೂಪ ಹಾಕತೊಡಗಿದ. ಹೀಗೇ ನಡೆಯಿತು.

ಈಗ ಸತ್ತ ಮೇಲೆ ಅವಳು ಊರಿಗೆ ಬಂದಳು. ಪತ್ರಿಕೆಯವರು ಮೈಕು ಹಿಡಿದ ಫೋಟೋದ ಜೊತೆಗೆ ನೀನು ಕೊಟ್ಟ ಎರಡು ಜಡೆಯ ಫೋಟೋವನ್ನೂ ಹಾಕಿ, ಊರು ಸಿಂಧಘಟ್ಟ ಎಂದು ಬರೆದರಲ್ಲ. ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಎಲ್ಲರೂ ಪತ್ರಿಕೆ ನೋಡಿದ್ದಾರೆ. ಡೈರಿಯ ಮಂಚಯ್ಯ ಅದನ್ನು ಮಡಿಸಿಕೊಂಡು ಮನೆಗೇ ಬಂದ.

“ಅಮ್ಮಾವ್ರೆ, ಇದು ನಿಮ್ಮನೆ ಪಟದಾಗಿರೋ ಮಗೀನೇ ಅಲ್ವಾ? ಮೊನ್ನೆ ತೀರ್ಕೊಂಡ್ರು ಅಂತ ಆಕವ್ರೆ. ಎಲ್ಡು ಸಲ ಎಂಗೆ ಸತ್ರು?”

“ಹಾಲು ಅಳೆಯೋದು ಬಿಟ್ಟು ಇದೇನಯ್ಯ ನಿನ್ನ ಕೆಲಸ?” ಎಂದು ಗದರಿಸಿ ಕಳಿಸಿದೆ. ಮಂಚಯ್ಯನನ್ನು ಗದರಿಸಬಹುದು, ಊರನ್ನು ಗದರಿಸಲಾದೀತೇ? ಜ್ವರ ಬಂದು ಸತ್ತವಳು ನಮ್ಮ ಚೆಲುವಮ್ಮ, ಪತ್ರಿಕೆಯವಳು ಬೇರೆ ಯಾರೋ ಎಂದು ರವೀಂದ್ರ ಹೇಳಿಕೊಂಡು ತಿರುಗಿದ. ಅವನಿಗೊಂದು ಅವಸರವಿತ್ತು. ಅವನ ಮಗಳು ಪ್ರಿಯಾಂಕಳಿಗೆ ನಾಗಮಂಗಲದಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಪ್ರೌಢಶಾಲೆಯಲ್ಲಿ ಮೇಷ್ಟ್ರು. ಹುಡುಗಿಯೂ ಒಪ್ಪಿದ್ದಳು. ಪಕ್ಷ ಹುಟ್ಟಿದರೆ ಶುಭದ ಮಾತು ಆಡುವ ಹಾಗಿಲ್ಲವೆಂದು ಹೋದ ಭಾನುವಾರವೇ ಮಾತು ಮುಗಿಸಲು ಬಂದರು. ಹುಡುಗ, ಅವನ ತಾಯಿ, ತಾತ ದ್ಯಾವಯ್ಯನವರು, ಇನ್ನಿಬ್ಬರು.

ಕಾಫಿ ಕೊಡುವಾಗ ದ್ಯಾವಯ್ಯನವರು, “ಅಲ್ಲ ಕಣವ್ವ, ಪೇಪರ್ನಾಗೆ ಬಂದಿತ್ತಲ್ಲ ಆಡೋ ಎಣ್ಮಗಳು, ಈ ಊರೋರಂತೆ. ನಿಮ್ಗೇನಾದ್ರೂ ಆಗ್ಬೇಕಾ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ರವೀಂದ್ರ, “ಇಲ್ಲ, ಇಲ್ಲ. ನಮ್ಮತ್ತೆ ಒಬ್ರಿದ್ರು, ಅವ್ರು ಯಾವಾಗ್ಲೋ ಜ್ವರ ಬಂದು ಹೋದ್ರು” ಎಂದ.

ಮುದುಕರು ತಲೆಯೆತ್ತಿ ಫೋಟೋ ನೋಡಿದರು. ಎಲ್ಲರೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮನೆಯ ಹಿರಿಯಳು ನಾನು, ಹೂಂ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ರಂಜಿತ, ಧೈರ್ಯದಿಂದ ಹೇಳಿದೆ ಎಂದು ತಿಳಿಯಬೇಡ. ವರ್ಷ ವರ್ಷ ಆ ಹುಡುಗಿಯನ್ನು ಸಾಯಿಸಿ ಸಾಯಿಸಿ ಸಾಕಾಗಿತ್ತು. ನಿಜವಾಗಿ ಸತ್ತ ಮೇಲೂ ಇನ್ನೊಂದು ಸಲ ಎಂದರೆ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

“ನಮ್ಮವಳೇ. ನನ್ನ ನಾದಿನಿ. ಹೋದ ತಿಂಗಳು ಹೋದಳು” ಎಂದೆ.

ನೀನು ನಂಬುವುದಿಲ್ಲ, ಮುದುಕರಿಗೆ ಸಂತೋಷವಾಯಿತು. “ಅಯ್, ಮೊದ್ಲೇ ಏಳ್ಬಾರ್ದಾ! ನಮ್ಮೂರಲ್ಲಿ ಗಣಪತಿ ಕೂರ್ಸುದ್ರೆ ಮೈಕ್ ಸೆಟ್ನೋನಿಗೆ ಏಳಿ ಆ ಯಮ್ಮನ ಪ್ಲೇಟೇ ಆಕ್ಸೋದು ನಾವು” ಎಂದು ತೊಡೆ ತಟ್ಟಿಕೊಂಡರು. ಹಾಡುವವಳು, ಹೋಟೆಲು, ಮೊಣಕಾಲು, ಯಾವುದೂ ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಯಾವುದನ್ನು ಮುಚ್ಚಿಡಲು ಮಾವನವರು ಕೆರೆಯಲ್ಲಿ ಮುಳುಗಿ ಬಂದರೋ ಅದಕ್ಕೆ ಈಗ ಬೆಲೆಯೇ ಇಲ್ಲ. ಅದನ್ನು ಯೋಚಿಸುತ್ತಾ ನಿಂತಿದ್ದೆ.

ಹುಡುಗನ ತಾಯಿ ಮಾತ್ರ ಇನ್ನೂ ಫೋಟೋವನ್ನೇ ನೋಡುತ್ತಿದ್ದಳು. “ಅಲ್ಲ, ಓದ್ ತಿಂಗ್ಳು ಓದೋರ ಪಟಕ್ಕೆ ಆರ ಇಷ್ಟೊಂದು ಕರಿ ಇಡ್ದದಲ್ಲ. ಯಾವಾಗ್ನಿಂದ ಆಕಿದ್ದೀರಿ?”

ಹೆಂಗಸಿನ ಕಣ್ಣು. ಇದ್ದದ್ದು ಇದ್ದ ಹಾಗೆ ಹೇಳಿದೆ.

“ಬದ್ಕಿರೋ ಜೀವಕ್ಕೆ ಎಡೆ ಮಡಗುದ್ರಾ? ಅದೂ ಮನೆ ಮಗಳಿಗೆ?” ಎಂದು ಎದ್ದು ನಿಂತಳು. ದ್ಯಾವಯ್ಯನವರ ನಗೆಯೂ ನಿಂತಿತು. ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಕೊಡಲಿಲ್ಲ. ಹೆಣ್ಣು ಕೇಳಲು ಬಂದವರ ಮುಂದೆ ನನ್ನ ಅಡಿಗೆಮನೆಯ ವಿಷಯ ಬಿಚ್ಚಿಡುವವಳಲ್ಲ ನಾನು. ಊಟಕ್ಕೆ ನಿಲ್ಲಲಿಲ್ಲ ಅವರು. ಪಕ್ಷ ಕಳೆಯಲಿ, ಹೇಳಿ ಕಳಿಸುತ್ತೇವೆ ಎಂದು ಹೋದರು. ಹೇಳಿ ಕಳಿಸುವುದಿಲ್ಲ.

“ಒಂದ್ ಮಾತು ಸುಳ್ಳು ಹೇಳಿದ್ರೆ ಏನಾಗ್ತಿತ್ತವ್ವ? ಇಷ್ಟು ವರ್ಷ ಹೇಳ್ಕೊಂಡು ಬಂದಿಲ್ವಾ?” ಎಂದು ರವೀಂದ್ರ ಕೂಗಾಡಿದ. ಅವನ ಮಾತಿನಲ್ಲಿ ತಪ್ಪಿಲ್ಲ. ಪ್ರಿಯಾಂಕ ನನ್ನೊಡನೆ ಮಾತು ಬಿಟ್ಟಿದ್ದಾಳೆ. ತಟ್ಟೆಯನ್ನು ಕುಕ್ಕಿ ಹೋಗುತ್ತಾಳೆ. ನಿನ್ನ ಕಾಗದದ ವಿಷಯ ತಿಳಿಸಿದ ಮೇಲಂತೂ ರವೀಂದ್ರ, ರಂಜಿತ ಬರುವುದಾದರೆ ಈ ವರ್ಷ ನಾನು ಧೂಪಕ್ಕೆ ಕೂರುವುದಿಲ್ಲ ಎಂದಿದ್ದಾನೆ. ಎರಡು ದಿನ ಯೋಚಿಸಿದೆ.

ನೀನು ಬಾ. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ಅಮಾವಾಸ್ಯೆ. ಬೆಳಿಗ್ಗೆಯ ಬಸ್ಸಿಗೆ ಹೊರಟು ಕೆ.ಆರ್.ಪೇಟೆಯಲ್ಲಿ ಇಳಿ, ಅಲ್ಲಿಂದ ಸಿಂಧಘಟ್ಟದ ಬಸ್ಸು ಸಿಗುತ್ತದೆ. ನಿನ್ನ ತಂದೆಗೆ ಬರಲು ಮನಸ್ಸಿದ್ದರೆ ಕರೆದುಕೊಂಡು ಬಾ. ಡ್ರಮ್ಮು ಬಾರಿಸುವ ಅಳಿಯನನ್ನು ಈ ಮನೆ ಕಂಡಿಲ್ಲ, ಕಾಣಲಿ. ರವೀಂದ್ರ ಕೂರದಿದ್ದರೆ ಧೂಪ ನೀನು ಹಾಕು. ಹೆಣ್ಣುಮಕ್ಕಳು ಹಾಕಬಾರದು ಎನ್ನುವವರು ಬಂದು ನನ್ನ ಹತ್ತಿರ ಮಾತಾಡಲಿ. ಹಾರ ಕಪ್ಪಾಗಿದೆ, ಹೊಸದು ತಾ. ಬರುವಾಗ ಸೀರೆ ಉಟ್ಟುಕೊಂಡು ಬಾ, ಇದನ್ನು ಎರಡು ಸಲ ಹೇಳಿಸಬೇಡ.

ನೀನು ಬರೆಯದೆ ಬಿಟ್ಟ ಮೂರನೆಯದಕ್ಕೆ ಉತ್ತರ. ಎಡೆಯಿಂದ ಅವಳು ಹೋಗಲಿಲ್ಲ. ಹೇಗೆ ಗೊತ್ತು ಎಂದರೆ, ಬಡಿಸಿದವಳು ನಾನು.

ಇಂತಿ ನಿನ್ನ ಅತ್ತೆ,
ಪುಟ್ಟಲಕ್ಷ್ಮಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಅಂದು ಅಡಿಗೆಯೆಲ್ಲ ನಾನೇ ಮಾಡುತ್ತೇನೆ, ನಿನ್ನ ತಾಯಿಯ ಎಲೆಗೆ ಮಾತ್ರ ನೀನು ಬಡಿಸಬೇಕು. ನಮ್ಮ ಮನೆಯಲ್ಲಿ ಎಡೆಯ ಎಲೆಗೆ ಉಪ್ಪು ಬಡಿಸುವುದಿಲ್ಲ. ಉಪ್ಪು ಬದುಕಿರುವವರ ಎಲೆಗೆ ಮಾತ್ರ. ಅವಳ ಎಲೆಯ ತುದಿಯಲ್ಲಿ, ಒಬ್ಬಟ್ಟಿನ ಮರೆಗೆ, ಮಾವನವರಿಗೆ ಕಾಣದ ಹಾಗೆ ಮೊದಲನೇ ವರ್ಷದಿಂದಲೂ ಒಂದು ಚಿಟಿಕೆ ಉಪ್ಪು ಇಟ್ಟುಕೊಂಡು ಬಂದಿದ್ದೇನೆ. ರವೀಂದ್ರನಿಗೆ ಇದು ಗೊತ್ತಿಲ್ಲ, ಹೇಳಬೇಡ. ಈ ವರ್ಷ ಉಪ್ಪಿಡದೆ ಬಡಿಸಬೇಕು. ಅದು ನನ್ನ ಕೈಯಲ್ಲಿ ಆಗುವುದಿಲ್ಲ.