ಹಳದಿ ಬಿಲ್ಲೆ

ಸೋಮವಾರ, ಸಂಜೆ ಆರೂವರೆ

ಶ್ರೀಮದ್ ದಿನಚರಿ ಸಾರ್ವಭೌಮರೇ, ಇನ್ನೂರು ಪುಟಗಳ ಒಡೆಯರೇ, ರಟ್ಟಿನ ಕವಚಧಾರಿಗಳೇ, ಪರಾಕ್! ಪರಾಕ್! ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಿಂದ ತಮ್ಮ ಸೇವಕನ ಬಿನ್ನಹ. ಇವತ್ತು ಹನ್ನೊಂದು ಬಾಯಿಗೆ ಹಲ್ಲು ಜೋಡಿಸಿದೆ. ಒಂದು ಬಾಯಾದರೂ ಥ್ಯಾಂಕ್ಸ್ ಹೇಳಲಿಲ್ಲ.

ನಾಲ್ಕಕ್ಕೆ ಎಂದಿನ ಮೆರವಣಿಗೆ. ಬೋರ್ಡಿನಲ್ಲಿ ತಮ್ಮ ಹೆಸರಿನ ಮೊಳೆಗೆ ಹಳದಿ ಬಿಲ್ಲೆ ಇರುವವರು, ಅಂದರೆ ಮಕ್ಕಳಿರುವವರು, ಮನೆಗೆ. ನೀಲಿ ಬಿಲ್ಲೆಯ ನಾನು ಆರರವರೆಗೆ ಕುದಿನೀರಿನ ಪಾತ್ರೆ ಕಾಯಬೇಕು. ಸೆಟ್ಟು ಗಟ್ಟಿಯಾಗುವ ತನಕ ಒಬ್ಬರು ಇರಲೇಬೇಕು.

"ಬರ್ತೀನಿ ಕಣೋ ತರಲೆ, ನಮ್ಮ ಯಜಮಾನ್ರು ಗೇಟಲ್ಲಿ ಕಾಯ್ತಿರ್ತಾರೆ" ಅಂದಳು ಪಾಲಿಶ್ ಮೆಷಿನ್ನಿನ ಅಕ್ಕ, ನಮ್ಮ ಪಾಲಿಶಕ್ಕ. ಯಜಮಾನರು ಅಂದರೆ ಮಗ, ಒಂದನೇ ಕ್ಲಾಸು.

ಒಂದು ಸಣ್ಣ ರಾಜಕಾರ್ಯವೂ ನೆರವೇರಿತು. ವಿವರ ಗೋಪ್ಯ.

ಮಂಗಳವಾರ

ರಾಜಕಾರ್ಯಕ್ಕೆ ಫಲವಿಲ್ಲ. ಬಿಟ್ಟೆ.

ದೊಡ್ಡಮ್ಮನ ಕಣ್ಣಿನ ಪೊರೆ ಆಪರೇಷನ್ ಗುರುವಾರ ಮೂರಕ್ಕೆ. ನನ್ನನ್ನು ಸಾಕಿದವಳು. ಈಗ ಉಪ್ಪೋ ಸಕ್ಕರೆಯೋ ಕಾಣದು, ನೆಕ್ಕಿ ನೋಡುತ್ತಾಳೆ. ಸೂಪರ್‌ವೈಸರ್ ದವಡೆ ಸಾಹೇಬರ ಹತ್ತಿರ ಹೋದೆ. (ದವಡೆ ದೊಡ್ಡದು, ಮಾತು ಸಣ್ಣದು.)

"ಸಾರ್, ಒಂದೇ ದಿನ ಹಳದಿ ಬಿಲ್ಲೆ ಕೊಡಿ."

"ಮಕ್ಕಳಿದಾವಾ?"

"ದೊಡ್ಡಮ್ಮ ಇದಾಳೆ ಸಾರ್."

"ದೊಡ್ಡಮ್ಮ ಮಗು ಅಲ್ವಲ್ಲಪ್ಪ."

"ಕೈ ಹಿಡಿದು ರಸ್ತೆ ದಾಟಿಸ್ಬೇಕು ಸಾರ್. ಮಗು ಆಗೋಕೆ ಇನ್ನೇನಾಗ್ಬೇಕು?"

ದವಡೆ ಅಲ್ಲಾಡಲಿಲ್ಲ.

ಪಾಲಿಶಕ್ಕ ಕೇಳಿಸಿಕೊಂಡಳು. "ನನಗೋಸ್ಕರ ಎಷ್ಟು ಸಲ ಕಾದಿದೀಯ! ಗುರುವಾರ ಪಾತ್ರೆ ನಂದು. ನೀನು ಎರಡಕ್ಕೇ ಹೊರಡು."

ಅಕ್ಕ ಅಂದರೆ ಅಕ್ಕ.

ಗುರುವಾರ, ನಾಲ್ಕು ಗಂಟೆ, ಪಾತ್ರೆಯ ಪಕ್ಕ

ಪಾಲಿಶಕ್ಕ ಹೋಗಿಬಿಟ್ಟಳು.

ಒಂದೂವರೆಗೆ ಊಟ ಅರ್ಧಕ್ಕೇ ಬಿಟ್ಟು ಓಡಿದಳಂತೆ. ನಾನಾಗ ಪ್ಲಾಸ್ಟರ್ ಕೋಣೆಯಲ್ಲಿ. ಒಂದು ಮಾತಿಲ್ಲ. ಫೋನ್ ಎತ್ತಲ್ಲ. ಸಾಹೇಬರು, "ಹಳದಿ ಬಿಲ್ಲೆ. ಕೇಳೋ ಹಾಗಿಲ್ಲ" ಅಂದರು.

ಜೊತೆಗೆ ಯಾರೂ ಇಲ್ಲದೆ ಆಪರೇಷನ್ ಮಾಡಲ್ಲ ಅಂತ, ಆಟೋದಲ್ಲಿ ಒಬ್ಬಳೇ ಹೋದ ದೊಡ್ಡಮ್ಮನನ್ನು ಆಸ್ಪತ್ರೆಯವರು ವಾಪಸ್ ಕಳಿಸಿದರು. ಮುಂದಿನ ಸರದಿ ಎರಡು ತಿಂಗಳಿಗೆ. "ಇರ್ಲಿ ಬಿಡೋ, ನಿನ್ನ ಮೂತಿ ನೋಡೋಕೆ ಅಷ್ಟೇನು ಆತುರ" ಅಂದಳು ಫೋನಿನಲ್ಲಿ.

ಪಾತ್ರೆಯೊಳಗೆ ಹಲ್ಲುಗಳು. ನಗುತ್ತಿರಬೇಕು.

ಶುಕ್ರವಾರ

ಪಾಲಿಶಕ್ಕ ರಜೆ! ಹಳದಿಯವರಿಗೇನು. ನಂಬಿಸಿ ಕತ್ತು ಕೊಯ್ದಳು.

ದೂರು ಬರೆದೆ. ಜೀವನದಲ್ಲಿ ಮೊದಲ ಸಲ, ತಮಾಷೆ ಇಲ್ಲದೆ. ಮಕ್ಕಳಿಲ್ಲದವರಿಗೂ ಮನೆ ಇದೆ, ಅಲ್ಲೂ ಬಾಗಿಲು ನೋಡುತ್ತಾ ಕೂತವರಿದ್ದಾರೆ ಅಂತ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೊನೆಗೆ ಸೇರಿಸಿದೆ: ಪಾಲಿಶ್‌ನವರು ಗುರುವಾರ ಮಗನಿಗೋಸ್ಕರವೇ ಹೋದರೇ? ಶಾಲೆಗೆ ಫೋನ್ ಮಾಡಿ ಕೇಳಿ. ನನ್ನ ಹೆಸರು ಬರೆಯದೆ ದೂರಿನ ಪೆಟ್ಟಿಗೆಗೆ ಹಾಕಿದೆ.

ಶನಿವಾರ

ಸಾಹೇಬರು ಕೇಳಿದ್ದಾರೆ. ಶಾಲೆಯವರು ಕರೆದೇ ಇಲ್ಲವಂತೆ. ಅವಳ ಮೊಳೆಗೆ ನೀಲಿ ಬಿಲ್ಲೆ ಬಿತ್ತು. ನನ್ನ ಮೊಳೆಗೆ ಹಳದಿಯೇನೂ ಬರಲಿಲ್ಲ.

ಹನ್ನೊಂದಕ್ಕೆ ಕುಂಟುತ್ತಾ ಬಂದಳು. ಕಾಲಿಗೆ ಬ್ಯಾಂಡೇಜು.

"ಊಟದ ಚೀಲದ ಪಕ್ಕದ ಜೇಬಲ್ಲಿ ಚಮಚ ಹುಡುಕ್ತಿದ್ದೆ ಕಣೋ, ಚೀಟಿ ಸಿಕ್ತು. ಹೆಡ್‌ಮಾಸ್ಟರ್ ಸಹಿ. 'ತಮ್ಮ ಸುಪುತ್ರನ ವಿಷಯ. ತಕ್ಷಣ ಬರತಕ್ಕದ್ದು.' ಎದೆ ಧಸಕ್ ಅಂತು. ಓಡೋವಾಗ ಬಿದ್ದೆ, ಫೋನೂ ಒಡೀತು. ಅಲ್ಲಿ ಹೋದ್ರೆ ಯಾರೂ ಬರೆದೇ ಇಲ್ಲ! ಯಾವ ಪಾಪಿ ಇಟ್ನೋ. ನಿನ್ನ ದೊಡ್ಡಮ್ಮಂಗೆ ಮೋಸ ಆಯ್ತಲ್ಲೋ..."

ನಾನು ಹಲ್ಲು ಉಜ್ಜುತ್ತಿದ್ದೆ. ಬೇರೆಯವರದು.

"ದೂರು ಕೊಟ್ಟಿದ್ದೂ ಯಾರೋ ಏನೋ. ಇಲ್ಲಿ ನಿನ್ನೊಬ್ಬನ್ನೇ ಕಣೋ ನಾನು ನಂಬೋದು."

ಸಾರ್ವಭೌಮರೇ, ಸೋಮವಾರದ ಆ ರಾಜಕಾರ್ಯ... ಅವತ್ತೇ ಸಿಗುತ್ತೆ, ನಗ್ತಾಳೆ ಅಂದುಕೊಂಡು ಆ ಚೀಟಿನ ನಾನೇ—