ಲೀಲಕ್ಕನ ಮಗ, ನನ್ನ ರಕ್ತ

ಸೋಲಾಪುರ, ೧೨ ಫೆಬ್ರುವರಿ ೧೯೭೬, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಕಲಕೋಟೆಯ ಮಲಕಾಜಪ್ಪನವರು ಇವತ್ತು ತಮ್ಮ ಮಗನಿಗೆ ನನ್ನನ್ನು ನೋಡಲು ಬಂದಿದ್ದರು. ಅವರು ಬರುವ ಮೊದಲೇ ಅಪ್ಪ, ಲೀಲಕ್ಕನ ಮಗ ಶರಣುವನ್ನು ಒಳಕೋಣೆಗೆ ಕಳಿಸಿ ಚಿಲಕ ಹಾಕಿದರು. ಸಣ್ಣ ಪೆಟ್ಟಾದರೂ ರಕ್ತ ನಿಲ್ಲದ ಮಗು ಅದು. ಬಾತ ಮೊಣಕಾಲು ಹಿಡಿದುಕೊಂಡು ಒಳಗೆ ಅಳುತ್ತಿತ್ತು.

“ಯಾರು ಅಳಾಕತ್ತಾರ?” ಎಂದರು ಮಲಕಾಜಪ್ಪ.

“ಬಾಜೂ ಮನಿ ಕೂಸ್ರಿ,” ಎಂದರು ಅಪ್ಪ.

ನಾನೇ ಹೋಗಿ ಚಿಲಕ ತೆಗೆದು ಅವನನ್ನು ಎತ್ತಿಕೊಂಡು ಬಂದೆ. “ನಮ್ಮ ಅಕ್ಕನ ಮಗಾರಿ. ಈ ಬ್ಯಾನಿ ತಾಯಿ ಕಡಿಯಿಂದ ಬರತೈತಂತ. ನನ್ನೊಳಗೂ ಇರಬಹುದು.”

ಅವರು ಚಹಾ ಮುಟ್ಟದೆ ಎದ್ದುಹೋದರು.

ಅಪ್ಪ ಬೈದದ್ದಕ್ಕೆ ಸಿಟ್ಟಿಲ್ಲ. ನನಗೂ ಇದೆಯೇ ಎಂದು ಹೋದ ವಾರ ಕೇಳಿದಾಗ ಡಾಕ್ಟರು ಹೇಳಿದ ಮಾತಿಗೆ ಸಿಟ್ಟು: “ಇರಬಹುದವ್ವಾ, ಇರದೇನೂ ಇರಬಹುದು. ಯಾವ ಜೀನು ಎಲ್ಲಿ ಕೆಟ್ಟೈತಿ ಅಂತ ಸರಿಯಾಗಿ ಗುರುತು ಸಿಕ್ಕ ಮ್ಯಾಲೆ ಖಾತ್ರಿ ಹೇಳಾಕ ಬರತೈತಿ. ಹೊರದೇಶದಾಗ ಹುಡುಕಾಕತ್ತಾರ.”

ಯಾವಾಗ ಸಿಗುತ್ತದೆ? ನಾನು ಹೆತ್ತ ಮೇಲೆಯೇ?

ಶರಣು ನನ್ನ ಪಕ್ಕದಲ್ಲೇ ಮಲಗಿದ್ದಾನೆ. ಅವನ ಕಾಲು ಸುಡುತ್ತಿದೆ. ಇನ್ನು ಯಾರೇ ನೋಡಲು ಬರಲಿ, ಇವನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ನಾನು ಅವರೊಂದಿಗೆ ಮಾತಾಡುತ್ತೇನೆ.